ಹುಳಿ ಕೇಳಿದ ಪ್ರಶ್ನೆ

ಶ್ರವಣಬೆಳಗೊಳವೆಂದರೆ ಇಂದು ಗೊಮ್ಮಟ ನೆನಪಾಗುತ್ತಾನೆ. ಮೈಸೂರು ಸಂಸ್ಥಾನದ ಕಾಲದ ಗ್ಯಾಸೆಟಿಯರುಗಳನ್ನು ತೆರೆದರೆ ಆ ಊರಿಗೆ ಇನ್ನೊಂದು ಗುರುತೂ ಸಿಗುತ್ತದೆ. ಹಿತ್ತಾಳೆ, ತಾಮ್ರದ ಪಾತ್ರೆಗಳು ತಯಾರಾಗಿ ದೂರದ ಊರುಗಳಿಗೆ ಹೋಗುತ್ತಿದ್ದುದು ಅಲ್ಲಿಂದ. ಅದೇ ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿ ಕಡೆಗೆ ಹೋದರೆ ಬೈರಾಪುರದ ನೆಲದಡಿಯಲ್ಲಿ ಕ್ರೋಮೈಟ್ ಅದಿರು ಇದೆ. ಮೇಲೆ ಬಡಿದು ಪಾತ್ರೆ ಮಾಡಿದ ಲೋಹ, ಕೆಳಗೆ ಕಲ್ಲಾಗಿ ಕುಳಿತ ಲೋಹ. ಹಾಸನದ ಸೀಮೆಯಲ್ಲಿ ಅನ್ನಕ್ಕೂ ನೀರಿಗೂ ಸೇರುವ ಲೋಹವನ್ನು ಮನುಷ್ಯರು ಹೇಗೆ ಗುರುತಿಸುತ್ತ, ಅಳೆಯುತ್ತ ಬಂದರು ಎಂಬ ಚರಿತ್ರೆ ಈ ಎರಡರ ನಡುವೆ ಇದೆ. ಆ ಚರಿತ್ರೆಯಲ್ಲಿ ನನಗೆ ಕಾಣುವ ವಿಚಿತ್ರ ಇದು: ಕೇಳಬೇಕಾದ ಪ್ರಶ್ನೆ ಅಡುಗೆಮನೆಗೆ ಮೊದಲೇ ಗೊತ್ತಿತ್ತು. ಆದರೆ ಅಳೆಯುವ ವಿದ್ಯೆ ಬಂದದ್ದು ಗಣಿಯ ದಾರಿಯಿಂದ. ಬರುವಾಗ ಅದು ಗಣಿಯ ಪ್ರಶ್ನೆಯನ್ನೇ ಹೊತ್ತು ತಂದಿತು. ಇಂದಿಗೂ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಸೊಪ್ಪು, ನೀರು, ಮಣ್ಣಿನ ಮಾದರಿಗಳಿಗೆ ಸಿಗುವ ಉತ್ತರಗಳಲ್ಲಿ ಆ ಹಳೆಯ ಸಾಲ ತೀರಿಲ್ಲ.

ಅಡುಗೆಮನೆಯ ಪ್ರಶ್ನೆಯನ್ನು ಮೊದಲು ನೋಡೋಣ. ಕಲಾಯಿ ಹಾಕುವವರು ಪಾತ್ರೆಯನ್ನು ಬೂದಿ, ಹುಣಿಸೆಹಣ್ಣು ಹಾಕಿ ಉಜ್ಜುತ್ತಿದ್ದರು. ತಿದಿಯೊತ್ತಿ ಕೆಂಡದ ಮೇಲೆ ಕಾಯಿಸಿ, ನವಸಾಗರದ ಪುಡಿ ಎರಚಿ, ತವರದ ಕಡ್ಡಿ ಮುಟ್ಟಿಸಿ, ಹತ್ತಿಯಿಂದ ಒಂದು ಸುತ್ತು ಸವರಿದರೆ ಒಳಮೈಯಲ್ಲಿ ಬೆಳ್ಳಗೆ ತೆಳುವಾದ ಪದರ ಹರಡಿಕೊಳ್ಳುತ್ತಿತ್ತು. ನವಸಾಗರ ಕಾದಾಗ ಏಳುವ ಆಮ್ಲದ ಹೊಗೆ ತಾಮ್ರದ ಮೇಲಿನ ಕಿಟ್ಟವನ್ನು ತಿಂದುಹಾಕುತ್ತದೆ, ಆದ್ದರಿಂದಲೇ ತವರ ಅಂಟುತ್ತದೆ. ಈ ಕೆಲಸದ ಕೌಶಲಕ್ಕಿಂತ ಹೆಚ್ಚು ಗಮನಿಸಬೇಕಾದದ್ದು ಯಾವ ಪಾತ್ರೆಗೆ ಕಲಾಯಿ, ಯಾವುದಕ್ಕೆ ಬೇಡ ಎಂಬ ಮನೆಯವರ ವಿವೇಚನೆ. ಬಚ್ಚಲಿನ ತಾಮ್ರದ ಹಂಡೆಯಲ್ಲಿ ಕಿಲೋಗಟ್ಟಲೆ ತಾಮ್ರವಿದೆ, ಅದಕ್ಕೆ ಕಲಾಯಿಯ ಮಾತೇ ಇಲ್ಲ. ಕುಡಿಯುವ ನೀರಿನ ತಾಮ್ರದ ಬಿಂದಿಗೆಗೂ ಇಲ್ಲ. ಹುಳಿಸಾರು ಕುದಿಯುವ ಹಿತ್ತಾಳೆ ತಪ್ಪಲೆಗೆ ಮಾತ್ರ ಕಲಾಯಿ ಸವೆಯುವಂತಿಲ್ಲ. ಮಜ್ಜಿಗೆಯನ್ನಂತೂ ತಾಮ್ರದ ಹತ್ತಿರ ಸುಳಿಯಗೊಡುತ್ತಿರಲಿಲ್ಲ. ಎಲ್ಲದರಲ್ಲೂ ತಾಮ್ರ ಇದೆ. ಆದರೂ ನಿಯಮ ಬೇರೆ, ಏಕೆಂದರೆ ಪಾತ್ರೆಯಲ್ಲಿ ಲೋಹ ಎಷ್ಟಿದೆ ಎಂದು ಯಾರೂ ಕೇಳುತ್ತಿರಲಿಲ್ಲ. ಹುಳಿ ಅದರಿಂದ ಎಷ್ಟನ್ನು ಬಿಡಿಸಿಕೊಂಡೀತು ಎಂದು ಕೇಳುತ್ತಿದ್ದರು. ಹುಣಿಸೆಯ ಟಾರ್ಟಾರಿಕ್ ಆಮ್ಲ ತಾಮ್ರವನ್ನು ಕರಗಿಸಿ ಹಿಡಿದುಕೊಳ್ಳುತ್ತದೆ ಎಂದು ರಸಾಯನಶಾಸ್ತ್ರದ ಭಾಷೆಯಲ್ಲಿ ಹೇಳಬಹುದು. ಸಾರಿಗೆ ಕಿಲುಬು ಹತ್ತಿತು ಎಂಬ ಮಾತಿನಲ್ಲಿ ಅಷ್ಟೂ ಇದೆ.

ಇದನ್ನು ಹಿರಿಯರ ವಿಜ್ಞಾನವೆಂದು ಕೊಂಡಾಡಲು ಹೊರಟರೆ ತಪ್ಪಾಗುತ್ತದೆ. ಅಡುಗೆಮನೆಯ ಬಳಿ ಇದ್ದ ಉಪಕರಣ ನಾಲಿಗೆ ಒಂದೇ, ಹೆಚ್ಚೆಂದರೆ ವಾಕರಿಕೆ. ತಾಮ್ರ ತಾನು ಬಂದೆನೆಂದು ಬಾಯಲ್ಲೇ ಹೇಳಿಬಿಡುವ ಲೋಹ, ಅದಕ್ಕಾಗಿ ಅದು ಸಿಕ್ಕಿಬಿತ್ತು. ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್ ಹಾಗೆ ಹೇಳಿಕೊಳ್ಳುವುದಿಲ್ಲ. ತವರ ದುಬಾರಿ, ಸೀಸ ಅಗ್ಗ. ಬೆರಕೆ ತವರದಿಂದ ಹಾಕಿದ ಕಲಾಯಿಯೂ ಅಷ್ಟೇ ಚೆನ್ನಾಗಿ ಹೊಳೆಯುತ್ತದೆ, ಅದೇ ಹುಣಿಸೆಯ ಹುಳಿ ಅದರೊಳಗಿನ ಸೀಸವನ್ನು ಸದ್ದಿಲ್ಲದೆ ಸಾರಿಗೆ ಇಳಿಸುತ್ತದೆ. ಪ್ರಶ್ನೆ ಸರಿಯಿದ್ದು ಉತ್ತರದ ವ್ಯಾಪ್ತಿ ಕಿರಿದಾಗಿತ್ತು. ನಾಲಿಗೆಗೆ ಸಿಗದ್ದನ್ನು ಹಿಡಿಯುವ ಉಪಕರಣ ಬೇಕಿತ್ತು, ಅದು ಬಂದ ದಾರಿಯೇ ಈ ಕಥೆಯ ತಿರುವು.

ಮೈಸೂರು ಸಂಸ್ಥಾನ ತನ್ನ ನೆಲದ ಲೋಹವನ್ನು ವ್ಯವಸ್ಥಿತವಾಗಿ ಹುಡುಕಲು ಹೊರಟದ್ದು ಚಿನ್ನಕ್ಕಾಗಿ. ಕೋಲಾರದ ಯಶಸ್ಸಿನ ಬೆನ್ನಲ್ಲೇ, 1887ರಲ್ಲಿ, ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಸಂಸ್ಥಾನದ ಚಿನ್ನದ ನೆಲಗಳನ್ನು ಸುತ್ತಿ ಬಂದರು. 1894ರಲ್ಲಿ ಮೈಸೂರು ಭೂವಿಜ್ಞಾನ ಇಲಾಖೆ ಆರಂಭವಾದಾಗ ಅದರ ಹೊಣೆಯೂ ಅವರ ಹೆಗಲಿಗೇ ಬಿತ್ತು. ಚನ್ನರಾಯಪಟ್ಟಣ ತಾಲ್ಲೂಕಿನ ಕೆಂಪಿನಕೋಟೆಯಲ್ಲಿ ಯಾವುದೋ ಹಳೆಯ ಕಾಲದವರು ಚಿನ್ನಕ್ಕಾಗಿ ತೋಡಿದ ದೊಡ್ಡ ಗುಂಡಿಗಳಿದ್ದವು, ಹೊಸ ಕಾಲದ ಗಣಿಗಾರರ ಕಣ್ಣು ಸಹಜವಾಗಿಯೇ ಅವುಗಳ ಮೇಲೆ ಬಿತ್ತು. ಇಲಾಖೆಯ ನಿರ್ದೇಶಕ ಡಬ್ಲ್ಯೂ.ಎಫ್. ಸ್ಮೀತ್ ಅವರೂ ಪಿ. ಸಂಪತ್ ಅಯ್ಯಂಗಾರ್ ಅವರೂ 1916ರಲ್ಲಿ ಮೈಸೂರಿನ ಖನಿಜ ಸಂಪತ್ತನ್ನು ಕುರಿತು ಹೊರತಂದ ಸಂಪುಟವನ್ನು ನೋಡಿದರೆ ಆ ಹೊತ್ತಿಗೆ ಆಸಕ್ತಿ ಚಿನ್ನವನ್ನು ದಾಟಿ ಕ್ರೋಮೈಟ್, ಮ್ಯಾಂಗನೀಸ್, ಕಬ್ಬಿಣಗಳ ಕಡೆಗೂ ಹರಡಿತ್ತೆಂದು ತಿಳಿಯುತ್ತದೆ. ಅದು ಮೊದಲ ಮಹಾಯುದ್ಧದ ನಡುಕಾಲ, ಉಕ್ಕಿಗೆ ಬೆರೆಸುವ ಲೋಹಗಳಿಗೆ ಎಲ್ಲಿಲ್ಲದ ಬೇಡಿಕೆ. ನುಗ್ಗೇಹಳ್ಳಿಯ ಶಿಲಾಪಟ್ಟಿ ಸುಮಾರು 60 ಕಿಲೋಮೀಟರ್ ಉದ್ದ, ಅಗಲ ಹೆಚ್ಚೆಂದರೆ 2 ಕಿಲೋಮೀಟರ್. ನಕ್ಷೆಯ ಮೇಲೆ ಗೀರಿದ ಗೆರೆಯಂತೆ ಕಾಣುವ ಅದರಲ್ಲಿ ಕ್ರೋಮೈಟ್ ಮಸೂರದಾಕಾರದ ತುಂಡುಗಳಾಗಿ ಕುಳಿತಿದೆ. ಹೊಳೆನರಸೀಪುರದ ಪಟ್ಟಿ ತ್ರಿಶೂಲದಂತೆ ಕವಲೊಡೆದದ್ದು. ಅದರ ಕಲ್ಲುಗಳಿಗೆ 300 ಕೋಟಿ ವರ್ಷಕ್ಕೂ ಮೀರಿದ ವಯಸ್ಸು, ಜಗತ್ತಿನ ಭೂವಿಜ್ಞಾನಿಗಳು ಅವನ್ನು ನೋಡಲೆಂದೇ ಬರುತ್ತಾರೆ. 1966ರಲ್ಲಿ ಮೈಸೂರು ಮಿನರಲ್ಸ್ ಸಂಸ್ಥೆ ಹುಟ್ಟಿದ ಮೇಲೆ ಬೈರಾಪುರದ ಕ್ರೋಮೈಟ್ ಗಣಿ ಸರ್ಕಾರಿ ಉದ್ಯಮದ ಹೆಸರಿಗೆ ಅಂಟಿಕೊಂಡಿತು.

ಗಣಿಗಾರನ ಅಳತೆಯ ಕ್ರಮ ಹೇಗಿತ್ತೆಂದು ನೋಡಿದರೆ ಮುಂದಿನದೆಲ್ಲ ಬಿಡಿಸಿಕೊಳ್ಳುತ್ತದೆ. ಅಕ್ಕಸಾಲೆ ಚಿನ್ನವನ್ನು ಒರೆಗಲ್ಲಿಗೆ ಉಜ್ಜಿ ಬಣ್ಣ ನೋಡುತ್ತಿದ್ದ. ಅವನ ಅಂಗಡಿಯ ಕಸವನ್ನು ತೊಳೆಯುವ ಜಾಲಗಾರ ಚೂರು ಚಿನ್ನವನ್ನೂ ಬಿಡದೆ ಹೆಕ್ಕುತ್ತಿದ್ದ. ಗಣಿಯ ಪರೀಕ್ಷಕ ಅದಿರಿನ ಪುಡಿಗೆ ಸೀಸದ ಬೂದಿ, ಸೋಡಾ ಬೆರೆಸಿ ಮೂಸೆಯಲ್ಲಿ ಕರಗಿಸುತ್ತಿದ್ದ. ಕರಗಿದ ಸೀಸ ಚಿನ್ನವನ್ನೆಲ್ಲ ಬಾಚಿಕೊಂಡು ತಳಕ್ಕಿಳಿಯುತ್ತಿತ್ತು. ಆ ಸೀಸವನ್ನು ಮೂಳೆಬೂದಿಯ ಬಟ್ಟಲಿನಲ್ಲಿ ಸುಟ್ಟು ಹೀರಿಸಿದರೆ ಉಳಿಯುವುದು ಸಾಸಿವೆಗಿಂತ ಚಿಕ್ಕ ಮಣಿ. ಟನ್ ಕಲ್ಲಿನಲ್ಲಿ 5 ಗ್ರಾಂ ಚಿನ್ನವೆಂದರೆ ಹತ್ತು ಲಕ್ಷಕ್ಕೆ ಐದು ಪಾಲು. ನಾವಿಂದು ಲೇಶಲೋಹ ಎನ್ನುವ ಪ್ರಮಾಣ ಅದು, ಗಣಿಯ ಪರೀಕ್ಷಕ ಬೆಂಕಿ ಮತ್ತು ತಕ್ಕಡಿಯಿಂದಲೇ ಅದನ್ನು ಅಳೆದು ಕೊಡುತ್ತಿದ್ದ. ಈ ಸಾಮರ್ಥ್ಯಕ್ಕೆ ತಲೆಬಾಗಲೇಬೇಕು. ಅದರ ಜೊತೆಗೇ ಅವನ ಗುರಿಯನ್ನೂ ನೆನಪಿಡಬೇಕು: ಕಲ್ಲಿನಲ್ಲಿರುವ ಕೊನೆಯ ಕಣವೂ ಲೆಕ್ಕಕ್ಕೆ ಬರಬೇಕು, ಯಾಕೆಂದರೆ ಪ್ರತಿ ಕಣವೂ ಹಣ. ಅದು ಯಾವ ರೂಪದಲ್ಲಿದೆ, ಸುಲಭವಾಗಿ ಬಿಡುತ್ತದೆಯೋ ಇಲ್ಲವೋ ಎಂಬುದು ಆಮೇಲಿನ ಮಾತು. ಒಟ್ಟು ಎಷ್ಟು? ಈ ಪ್ರಶ್ನೆ ಗಣಿಯ ಮಟ್ಟಿಗೆ ನೂರಕ್ಕೆ ನೂರು ಸರಿ.

ಅದೇ ಪ್ರಶ್ನೆಯನ್ನು ಎತ್ತಿಕೊಂಡು ಹೋಗಿ ಬಾವಿಯ ನೀರಿಗೂ ದಂಟಿನ ಸೊಪ್ಪಿಗೂ ಹಾಕಿದಾಗ ಏನಾಗುತ್ತದೆ ಎಂಬುದಕ್ಕೆ ಕ್ರೋಮೈಟಿಗಿಂತ ಒಳ್ಳೆಯ ಉದಾಹರಣೆ ಸಿಗದು. ಶುದ್ಧ ಕ್ರೋಮೈಟಿನ ತೂಕದಲ್ಲಿ ಶೇಕಡಾ 46.5ರಷ್ಟು ಕ್ರೋಮಿಯಂ. ಕುಡಿಯುವ ನೀರಿನಲ್ಲಿ ಭಾರತೀಯ ಮಾನಕ ಒಪ್ಪುವ ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ. ಕಾಗದದ ಮೇಲೆ ಲೆಕ್ಕ ಹಾಕಿದರೆ ಒಂದು ಗ್ರಾಂ ಕ್ರೋಮೈಟ್ 9,300 ಲೀಟರ್ ನೀರನ್ನು ಮಿತಿಯ ಅಂಚಿಗೆ ತಂದು ನಿಲ್ಲಿಸಬೇಕು. ಹಾಗೆ ಆಗುವುದಿಲ್ಲ, ಏಕೆಂದರೆ ಅದು ಕರಗುವುದೇ ಇಲ್ಲ. ಚಿನ್ನವನ್ನು ಕರಗಿಸುವ ರಾಜದ್ರಾವಕಕ್ಕೂ ಕ್ರೋಮೈಟ್ ಜಗ್ಗದು. ಸೋಡಿಯಂ ಪೆರಾಕ್ಸೈಡಿನ ಜೊತೆ ಮೂಸೆಯಲ್ಲಿ ಕಾಯಿಸಿ ಕರಗಿಸುವಂಥ ಉಗ್ರ ಕ್ರಮಕ್ಕಷ್ಟೇ ಸೋಲುತ್ತದೆ. ಹಾಗಾಗಿ ಬೈರಾಪುರದ ಒಂದೇ ಹಿಡಿ ಮಣ್ಣನ್ನು ನೈಟ್ರಿಕ್ ಆಮ್ಲದಲ್ಲಿ ಕುದಿಸಿದವನಿಗೆ ಒಂದು ಅಂಕಿ ಸಿಗುತ್ತದೆ, ಪೆರಾಕ್ಸೈಡಿನಲ್ಲಿ ಕರಗಿಸಿದವನಿಗೆ ಅದರ ಹಲವು ಪಟ್ಟು, ಕರಗಿಸದೆ ಎಕ್ಸ್ ಕಿರಣ ಬಿಟ್ಟು ನೋಡಿದವನಿಗೂ ಹಾಗೆಯೇ ದೊಡ್ಡದೊಂದು ಅಂಕಿ. ಮೂವರೂ ಪ್ರಾಮಾಣಿಕರೇ. ಮಣ್ಣಿನ ಕ್ರೋಮಿಯಂ ಇಷ್ಟು ಎಂದು ಬರೆದ ಕಡೆ ಯಾವ ಆಮ್ಲ, ಎಷ್ಟು ಹೊತ್ತು, ಎಷ್ಟು ಬಿಸಿ ಎಂಬುದನ್ನು ಬರೆಯದೆ ಹೋದರೆ ಆ ಅಂಕಿಗೆ ಅರ್ಥವೇ ಇಲ್ಲ. ಅಳತೆಯ ಪಟ್ಟಿಗಳನ್ನು ಓದುವ ಪತ್ರಿಕೆಯವರು ಈ ಸಾಲನ್ನೇ ಮೊದಲು ಬಿಟ್ಟುಬಿಡುತ್ತಾರೆ.

ಕಾನೂನು ಬಂದದ್ದು ಇದರ ನಡುವೆ. ಆಹಾರ ಕಲಬೆರಕೆ ತಡೆ ಕಾಯ್ದೆ 1954ರದು, ಅದರ ನಿಯಮಗಳು 1955ರವು. ಅವುಗಳಲ್ಲಿ ಕಲಾಯಿಗೂ ಒಂದು ಜಾಗ ಸಿಕ್ಕಿತೆಂಬುದು ಹೆಚ್ಚು ಜನಕ್ಕೆ ತಿಳಿಯದ ಸಂಗತಿ. ಸರಿಯಾಗಿ ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆ ಪಾತ್ರೆಯಲ್ಲಿ ಮಾಡಿದ ಅಥವಾ ಇಟ್ಟ ಆಹಾರ ಸೇವನೆಗೆ ಯೋಗ್ಯವಲ್ಲವೆಂದು ನಿಯಮ ಹೇಳಿತು. ಅಂದರೆ ತಪ್ಪಲೆಯ ವಿವೇಕ ಅಕ್ಷರಶಃ ಶಾಸನವಾಯಿತು. ಅದೇ ನಿಯಮಗಳ ಇನ್ನೊಂದು ಭಾಗ ವಿಷಲೋಹಗಳ ಪಟ್ಟಿ. ಬೇರೆ ಹೆಸರಿಸದ ಆಹಾರಗಳಲ್ಲಿ ಕಿಲೋಗೆ ಸೀಸ 2.5 ಮಿಲಿಗ್ರಾಂ, ತಾಮ್ರ 30, ಡಬ್ಬಿಯ ಆಹಾರದಲ್ಲಿ ತವರ 250 ಎಂಬ ಮಿತಿಗಳು ಬಹುಕಾಲ ನಡೆದುಬಂದವು. ತಾಮ್ರಕ್ಕಿಂತ ತವರಕ್ಕೆ ಎಂಟು ಪಟ್ಟು ಸಡಿಲಿಕೆ, ಕಲಾಯಿಯವರು ಲೋಹವನ್ನು ಲೋಹದಿಂದ ಮರೆಮಾಡಿದ್ದರಲ್ಲಿ ಇದ್ದ ಲಾಭವೂ ಇದೇ. ಕ್ರೋಮಿಯಂ, ನಿಕ್ಕಲ್‌ಗಳ ಕಥೆ ಬೇರೆ. ನಿಕ್ಕಲ್ ಪಟ್ಟಿಯಲ್ಲಿ ಕಾಣಿಸಿಕೊಂಡದ್ದು ವನಸ್ಪತಿಯ ಹೆಸರಿನಲ್ಲಿ, ಎಣ್ಣೆಯನ್ನು ಗಟ್ಟಿ ಮಾಡುವಾಗ ವೇಗವರ್ಧಕವಾಗಿ ಅದನ್ನು ಬಳಸುತ್ತಾರೆಂಬ ಕಾರಣಕ್ಕೆ. ಕ್ರೋಮಿಯಂ ಕಾಣಿಸಿಕೊಂಡದ್ದು ಸಂಸ್ಕರಿಸಿದ ಸಕ್ಕರೆ, ಜೆಲಟಿನ್‌ನಂಥವುಗಳ ಜೊತೆ. ಕಾರ್ಖಾನೆಯ ಬಾಗಿಲಿನಿಂದ ಆಹಾರಕ್ಕೆ ಬರುವ ಲೋಹವನ್ನು ಕಾನೂನು ಕಂಡಿತು. ನೆಲದಿಂದಲೇ ರಾಗಿಗೆ, ಸೊಪ್ಪಿಗೆ ಏರಬಹುದಾದ ಲೋಹ ಅದರ ಕಣ್ಣಿಗೆ ಬೀಳಲಿಲ್ಲ. ಕುಡಿಯುವ ನೀರಿನ ಮಾನಕದ 1991ರ ಪಟ್ಟಿಯಲ್ಲಿಯೂ ನಿಕ್ಕಲ್ ಇರಲಿಲ್ಲ, 2012ರ ಪರಿಷ್ಕರಣೆಯಲ್ಲಿ ಲೀಟರಿಗೆ 0.02 ಮಿಲಿಗ್ರಾಂ ಎಂಬ ಮಿತಿ ಸೇರಿತು. ಹೊಳೆನರಸೀಪುರ, ನುಗ್ಗೇಹಳ್ಳಿಗಳ ಹಸಿರುಗಪ್ಪು ಕಲ್ಲುಗಳಲ್ಲಿ ಕ್ರೋಮಿಯಂ ಜೊತೆಗೆ ನಿಕ್ಕಲ್ ಇರುವುದು ಭೂವಿಜ್ಞಾನಿಗಳಿಗೆ ಎಷ್ಟೋ ಹಿಂದೆಯೇ ತಿಳಿದಿತ್ತು. ಒಂದು ಇಲಾಖೆಯ ಕಪಾಟಿನಲ್ಲಿದ್ದ ತಿಳಿವಳಿಕೆ ಇನ್ನೊಂದರ ಪಟ್ಟಿಗೆ ಬರಲು ದಶಕಗಳೇ ಹಿಡಿದವು.

ಉಪಕರಣದ ಕ್ರಾಂತಿ 1955ರದು. ಆಸ್ಟ್ರೇಲಿಯಾದ ಅಲನ್ ವಾಲ್ಶ್ ಪರಮಾಣು ಹೀರಿಕೆಯ ರೋಹಿತಮಾಪನವನ್ನು ವಿವರಿಸಿ ಲೇಖನ ಪ್ರಕಟಿಸಿದ್ದು ಆ ವರ್ಷ. ಯಾವ ಲೋಹವನ್ನು ಹುಡುಕಬೇಕೋ ಅದೇ ಲೋಹದಿಂದ ಮಾಡಿದ ದೀಪದ ಬೆಳಕನ್ನು ಜ್ವಾಲೆಯ ಮೂಲಕ ಹಾಯಿಸಬೇಕು, ಜ್ವಾಲೆಗೆ ಮಾದರಿಯ ದ್ರಾವಣವನ್ನು ಮಂಜಿನಂತೆ ಊದಬೇಕು. ಎಷ್ಟು ಬೆಳಕು ಮಧ್ಯದಲ್ಲೇ ಹೀರಿಹೋಯಿತೋ ಅಷ್ಟು ಲೋಹ. ಸರಳವಾದ ಈ ಉಪಾಯವನ್ನು ಮೊದಮೊದಲು ಎತ್ತಿಕೊಂಡವರಲ್ಲಿ ಗಣಿಯವರೂ ಕೃಷಿ ವಿಜ್ಞಾನಿಗಳೂ ಇದ್ದರು. ಜ್ವಾಲೆಗೆ ಬೇಕಾದದ್ದು ದ್ರಾವಣ. ಸೊಪ್ಪನ್ನು, ಧಾನ್ಯವನ್ನು ಹಾಗೆಯೇ ಊದಲಾಗದು. ಹಾಗಾಗಿ ಎಲೆಯನ್ನು ತೊಳೆದು, ಒಣಗಿಸಿ, ಪುಡಿಮಾಡಿ, ಒಂದು ಗ್ರಾಂ ತೂಗಿ, ನೈಟ್ರಿಕ್ ಮತ್ತು ಪರ್ಕ್ಲೋರಿಕ್ ಆಮ್ಲಗಳಲ್ಲಿ ಬಿಳಿ ಹೊಗೆ ಏಳುವವರೆಗೆ ಕುದಿಸಿ, ತಿಳಿಯಾದ ದ್ರವವನ್ನು ಸೋಸಿ, ಗೊತ್ತಾದ ಗಾತ್ರಕ್ಕೆ ನೀರು ತುಂಬುವ ಕ್ರಮ ಎಲ್ಲ ಕಡೆ ರೂಢಿಗೆ ಬಂತು. ಮೂಸೆಯ ಜಾಗದಲ್ಲಿ ಬೀಕರು, ಸೀಸದ ಜಾಗದಲ್ಲಿ ಆಮ್ಲ. ಕೊನೆಯ ಕಣವನ್ನೂ ಬಿಡದೆ ಕರಗಿಸು ಎಂಬ ಗಣಿಯ ಆಜ್ಞೆ ಮಾತ್ರ ಬದಲಾಗಲಿಲ್ಲ. ಹೊಟ್ಟೆಗೆ ಹೋದ ಎಲೆ ಯಾವತ್ತೂ ಪರ್ಕ್ಲೋರಿಕ್ ಆಮ್ಲವನ್ನು ಕಾಣುವುದಿಲ್ಲ ಎಂಬುದು ಯಾರ ತಲೆಗೂ ಹೊಳೆಯಲಿಲ್ಲವೆಂದಲ್ಲ. ಹೊಳೆದರೂ ಕ್ರಮ ಹಾಗೆಯೇ ನಡೆಯಿತು.

ಇಲ್ಲಿ ಕೃಷಿ ರಸಾಯನಜ್ಞರು ಎದ್ದುನಿಂತು ಆಕ್ಷೇಪಿಸಬಹುದು, ಅವರ ಆಕ್ಷೇಪಕ್ಕೆ ಆಧಾರವೂ ಇದೆ. ಮೈಸೂರಿನಲ್ಲಿ ಭೂವಿಜ್ಞಾನ ಇಲಾಖೆ ಹುಟ್ಟಿದ 1894ರಲ್ಲೇ ಇಂಗ್ಲೆಂಡಿನಲ್ಲಿ ಬರ್ನಾರ್ಡ್ ಡೈಯರ್ ಮಣ್ಣನ್ನು ಶೇಕಡಾ 1ರ ಸಿಟ್ರಿಕ್ ಆಮ್ಲದಲ್ಲಿ ನೆನೆಸಿ, ಬಿಟ್ಟುಬಂದ ರಂಜಕವನ್ನಷ್ಟೇ ಅಳೆಯುವ ವಿಧಾನ ಪ್ರಕಟಿಸಿದ್ದ. ಬೇರಿನ ರಸದ ಹುಳಿಯಷ್ಟೇ ಹುಳಿಯಿರಲಿ ಎಂಬುದು ಅವನ ವಿಚಾರ. ಇದು ಹುಣಿಸೆಯ ತರ್ಕವೇ, ಹಣ್ಣು ಮಾತ್ರ ನಿಂಬೆ. 1899ರಲ್ಲಿ ಹೆಬ್ಬಾಳದ ಪ್ರಯೋಗ ಕ್ಷೇತ್ರದೊಂದಿಗೆ ಮೈಸೂರು ಸಂಸ್ಥಾನದಲ್ಲೂ ಡಾ. ಲೆಹ್ಮನ್ ನೇತೃತ್ವದಲ್ಲಿ ಕೃಷಿ ರಸಾಯನದ ಕೆಲಸ ಆರಂಭವಾಯಿತು. ಹಾಗಾದರೆ ಪ್ರಯೋಗಾಲಯಕ್ಕೆ ಹುಳಿಯ ಪ್ರಶ್ನೆ ತಿಳಿಯದೆ ಇತ್ತೆಂದು ಹೇಳುವುದು ಹೇಗೆ? ತಿಳಿದಿತ್ತು, ಪೋಷಣೆಯ ಮಟ್ಟಿಗೆ. ಬೆಳೆಗೆ ಏನು ದಕ್ಕುತ್ತದೆ ಎಂದು ಕೇಳುವಾಗ ಸೌಮ್ಯ ಆಮ್ಲ, ಮನುಷ್ಯನಿಗೆ ಏನು ವಿಷವಾಗುತ್ತದೆ ಎಂದು ಕೇಳುವಾಗ ಗಣಿಯ ಆಮ್ಲ. ಒಂದೇ ಹೊಲದ ಒಂದೇ ಮಣ್ಣಿಗೆ ಎರಡು ಅಳತೆ. ಇವೆರಡು ಹತ್ತಿರ ಬರತೊಡಗಿದ್ದು 1970ರ ದಶಕದ ಕೊನೆಗೆ. 1978ರಲ್ಲಿ ಲಿಂಡ್ಸೆ ಮತ್ತು ನಾರ್ವೆಲ್ ಸತು, ಕಬ್ಬಿಣ, ಮ್ಯಾಂಗನೀಸ್, ತಾಮ್ರಗಳಿಗೆ ಡಿಟಿಪಿಎ ಎಂಬ ಹಿಡಿಕಾರಕದ ಪರೀಕ್ಷೆಯನ್ನು ಖಚಿತಗೊಳಿಸಿದರು, ನಮ್ಮ ಮಣ್ಣು ಪರೀಕ್ಷಾ ಕೇಂದ್ರಗಳು ಇಂದು ಬಳಸುವುದೂ ಅದನ್ನೇ. 1979ರಲ್ಲಿ ಟೆಸ್ಸಿಯರ್ ಮತ್ತು ಸಂಗಡಿಗರು ಒಂದೇ ಮಾದರಿಯನ್ನು ಮೆತ್ತಗಿನ ದ್ರಾವಣದಿಂದ ಉಗ್ರ ಆಮ್ಲದವರೆಗೆ ಮೆಟ್ಟಿಲು ಮೆಟ್ಟಿಲಾಗಿ ಹಾಯಿಸಿ, ಯಾವ ಮೆಟ್ಟಿಲಿಗೆ ಎಷ್ಟು ಲೋಹ ಬಿಟ್ಟಿತೆಂದು ತೋರಿಸಿದರು. ಸಡಿಲವಾಗಿ ಅಂಟಿದ್ದು, ಸುಣ್ಣದ ಜೊತೆಗಿದ್ದದ್ದು, ತುಕ್ಕಿನ ಜೊತೆಗಿದ್ದದ್ದು, ಕೊಳೆತ ಎಲೆಯಲ್ಲಿದ್ದದ್ದು, ಕಲ್ಲಿನೊಳಗೆ ಬಂಧಿಯಾದದ್ದು. ಕ್ರೋಮೈಟ್ ಈ ಕೊನೆಯ ಕೋಣೆಯ ನಿವಾಸಿ.

ನುಗ್ಗೇಹಳ್ಳಿಯ ವಿಷಯಕ್ಕೆ ಬಂದರೆ, ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಅಲ್ಲಿನ ಕ್ರೋಮೈಟ್ ಗಣಿಗಳ ಸುತ್ತಲಿನ ಮಣ್ಣನ್ನು ಎಕ್ಸ್ ಕಿರಣದ ವಿಧಾನದಿಂದ ಪರೀಕ್ಷಿಸಿ 2013ರಲ್ಲಿ ಪ್ರಬಂಧ ಪ್ರಕಟಿಸಿದರು. ಕ್ರೋಮಿಯಂ, ನಿಕ್ಕಲ್‌ಗಳು ಮಣ್ಣಿನಲ್ಲಿ ಹೆಚ್ಚಾಗಿವೆಯೆಂಬುದು ಅದರ ಸಾರ. ಈ ಭಾಗದ ಬಗ್ಗೆ ಆಗಿರುವ ಮುಖ್ಯ ಕೆಲಸಗಳಲ್ಲಿ ಅದೂ ಒಂದು, ಅದಿಲ್ಲದೆ ಮಾತು ಆರಂಭವಾಗುವಂತೆಯೇ ಇಲ್ಲ. ಆದರೆ ಆ ಅಂಕಿಗಳು ಒಟ್ಟಿನವು. ಗಣಿ ಅಗೆದು ಹರಡಿದ ಪುಡಿ ಎಷ್ಟು, ಗಣಿ ಹುಟ್ಟುವ ಮೊದಲೇ ಕಲ್ಲು ಸವೆದು ಮಣ್ಣಾದ ಪಾಲು ಎಷ್ಟು, ಅದರಲ್ಲಿ ಬೇರು ಎಳೆದುಕೊಳ್ಳಬಲ್ಲದ್ದು ಎಷ್ಟು ಎಂಬುದನ್ನು ಒಟ್ಟಿನ ಅಂಕಿಯೊಂದೇ ಹೇಳಲಾರದು. ಇಲ್ಲಿ ತಾಲ್ಲೂಕಿನ ಸರಾಸರಿಯಂತೂ ದಾರಿ ತಪ್ಪಿಸುತ್ತದೆ. ತಾಲ್ಲೂಕಿನ ಗಡಿ ಕಂದಾಯಕ್ಕಾಗಿ ಎಳೆದದ್ದು, ಕಲ್ಲಿನ ಗಡಿ ಅದಕ್ಕೆ ಸೊಪ್ಪು ಹಾಕುವುದಿಲ್ಲ. ಪಟ್ಟಿಯ ಮೇಲಿನ ಹೊಲಕ್ಕೂ ಅದರಿಂದ 2 ಕಿಲೋಮೀಟರ್ ಆಚೆಗಿನ ಹೊಲಕ್ಕೂ ಮೂಲದಲ್ಲೇ ಭೂಮಿ ಆಕಾಶದ ವ್ಯತ್ಯಾಸ ಇರಬಹುದು. ಪಟ್ಟಣದ ಸಂತೆಯಲ್ಲಿ ಕೊಂಡ ಬದನೆಕಾಯಿ ಯಾವ ಹೊಲದ್ದೆಂದು ತಿಳಿಯದೆ ಅದನ್ನು ಚನ್ನರಾಯಪಟ್ಟಣದ ಮಾದರಿ ಎಂದು ಬರೆದರೆ ತಾಲ್ಲೂಕಿನ ಹೆಸರಷ್ಟೇ ಉಳಿಯುತ್ತದೆ.

ಒಟ್ಟನ್ನು ಅಳೆಯುವುದೇ ಸುರಕ್ಷಿತವಲ್ಲವೇ ಎಂದು ಕೇಳುವವರಿದ್ದಾರೆ. ಹೆಚ್ಚು ತೋರಿಸಿದರೂ ಚಿಂತೆಯಿಲ್ಲ, ಕಡಿಮೆ ತೋರಿಸಬಾರದು, ಕಾನೂನಿಗೆ ಒಂದು ಗಟ್ಟಿ ಅಂಕಿ ಬೇಕು ಎಂಬ ವಾದ. ಮೇಲುನೋಟಕ್ಕೆ ಒಪ್ಪುವಂಥದ್ದೇ. ಕ್ರೋಮೈಟಿನ ನೆಲದಲ್ಲಿ ಮಾತ್ರ ಅದು ತಲೆಕೆಳಗಾಗುತ್ತದೆ. ಮಾದರಿಗೊಂದು ಲೆಕ್ಕ ನೋಡೋಣ: ಮಣ್ಣಿನಲ್ಲಿ ಕಿಲೋಗೆ ಒಟ್ಟು 2,000 ಮಿಲಿಗ್ರಾಂ ಕ್ರೋಮಿಯಂ, ಅದರಲ್ಲಿ ಸಡಿಲವಾದದ್ದು 0.2. ಈ ಸಡಿಲ ಪಾಲು ಯಾವುದೋ ಕಾರಣಕ್ಕೆ ಹತ್ತು ಪಟ್ಟು ಏರಿ 2 ಆಯಿತೆನ್ನಿ. ಒಟ್ಟಿನ ಅಂಕಿಯನ್ನು ಅದು ಸಾವಿರಕ್ಕೆ ಒಂದರಷ್ಟೂ ಕದಲಿಸದು, ಯಂತ್ರದ ಸಹಜ ಏರಿಳಿತದಲ್ಲೇ ಮುಚ್ಚಿಹೋಗುತ್ತದೆ. ಹೆದರಬೇಕಾದ ದಿನ ಅಂಕಿ ಸುಮ್ಮನಿರುತ್ತದೆ, ಹೆದರಬೇಕಿಲ್ಲದ ದಿನ ಕೂಗುತ್ತದೆ. ಇಂಥದ್ದನ್ನು ಸುರಕ್ಷಿತ ಅಳತೆ ಎನ್ನುವುದು ಕಷ್ಟ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಎದುರು ದಿಕ್ಕಿನಿಂದ ಬರುತ್ತದೆ. ಕ್ರೋಮೈಟ್ ಕರಗುವುದಿಲ್ಲ, ನೆಲದ್ದು ಸಹಜವಾದ ಲೋಹ ಎಂದು ಹೇಳುತ್ತ ಹೋದರೆ ಗಣಿಗೆ ಕ್ಷಮಾಪತ್ರ ಬರೆದುಕೊಟ್ಟಂತಾಗುವುದಿಲ್ಲವೇ? ಆಗುತ್ತದೆ, ವಾದವನ್ನು ಅಲ್ಲಿಗೇ ನಿಲ್ಲಿಸಿದರೆ. ಕ್ರೋಮಿಯಂಗೆ ಮುಖ್ಯವಾಗಿ ಎರಡು ರೂಪ. ಮೂರು ವೇಲೆನ್ಸಿಯದು ಮಣ್ಣಿಗೆ ಅಂಟಿ ಕೂರುವ ಮಂದಗತಿಯದು. ಆರು ವೇಲೆನ್ಸಿಯದು ನೀರಿನೊಡನೆ ಓಡಾಡುವ ವಿಷ, ಕ್ಯಾನ್ಸರ್‌ಕಾರಕ. 1979ರಲ್ಲೇ ಬಾರ್ಟ್ಲೆಟ್ ಮತ್ತು ಜೇಮ್ಸ್ ಮಣ್ಣಿನ ಮ್ಯಾಂಗನೀಸ್ ಆಕ್ಸೈಡುಗಳು ಮೊದಲನೆಯದನ್ನು ಎರಡನೆಯದಾಗಿ ಮಾರ್ಪಡಿಸಬಲ್ಲವೆಂದು ತೋರಿಸಿದರು. ಒಡಿಶಾದ ಸುಕಿಂದಾ ಕಣಿವೆಯ ಕ್ರೋಮೈಟ್ ಗಣಿಗಳ ನೀರಿನಲ್ಲಿ ಆರು ವೇಲೆನ್ಸಿಯ ಕ್ರೋಮಿಯಂ ಸಿಕ್ಕಿರುವುದು ಜಗಜ್ಜಾಹೀರಾದ ಸಂಗತಿ. ಕೋಟ್ಯಂತರ ವರ್ಷ ಗಾಳಿ ಕಾಣದ ಕಲ್ಲನ್ನು ಒಡೆದು ಪುಡಿಯಾಗಿಸಿ ಮಳೆಗೆ ಬಿಟ್ಟರೆ ಅದರ ಮೇಲ್ಮೈ ಸಾವಿರಾರು ಪಟ್ಟು ಹೆಚ್ಚುತ್ತದೆ. ಕಲ್ಲು ನೆಲದ್ದೇ, ಪುಡಿ ಮಾತ್ರ ಮನುಷ್ಯನದು. ಆದ್ದರಿಂದ ನನ್ನ ವಾದ ಗಣಿಯ ಪರವಾಗಿ ಹೋಗುವುದಿಲ್ಲ. ಗಣಿ ಏನಾದರೂ ಕೆಡಿಸಿದ್ದರೆ ಅದು ಕಾಣುವುದು ಸಡಿಲ ಪಾಲಿನಲ್ಲಿ, ರೂಪದಲ್ಲಿ. ಒಟ್ಟನ್ನೇ ಅಳೆಯುತ್ತ ಕೂತರೆ ಗಣಿಯವರು ನಿರಾತಂಕವಾಗಿ ಇದು ನಮ್ಮ ಸೀಮೆಯ ಕಲ್ಲಿನ ಗುಣ ಎಂದು ಹೇಳಿಬಿಡಬಹುದು.

ಆಹಾರದ ಅಳತೆಯಲ್ಲಿ ಮೋಸಹೋಗುವ ದಾರಿಗಳು ಇನ್ನೂ ಹೆಚ್ಚು. ನೆಲಕ್ಕೆ ತಾಗಿ ಬೆಳೆಯುವ ಸೊಪ್ಪಿಗೆ ಮಳೆಯಲ್ಲಿ ಮಣ್ಣು ಸಿಡಿಯುತ್ತದೆ. ಕಿಲೋಗೆ 1,000 ಮಿಲಿಗ್ರಾಂ ಕ್ರೋಮಿಯಂ ಇರುವ ಮಣ್ಣು ಒಂದು ಗ್ರಾಂ ಒಣ ಎಲೆಗೆ 10 ಮಿಲಿಗ್ರಾಂ ಅಂಟಿದ್ದರೂ ಎಲೆಯ ಲೆಕ್ಕಕ್ಕೆ ಕಿಲೋಗೆ 10 ಮಿಲಿಗ್ರಾಂ ಬಂದು ಕೂರುತ್ತದೆ. ಗಿಡ ಅದನ್ನು ಹೀರಿಯೇ ಇಲ್ಲ. ಒಣ ಎಲೆಯನ್ನು ಸ್ಟೀಲಿನ ಬ್ಲೇಡಿನ ಮಿಕ್ಸಿಯಲ್ಲಿ ಪುಡಿ ಮಾಡಿದರೆ ಬ್ಲೇಡಿನ ಕ್ರೋಮಿಯಂ, ನಿಕ್ಕಲ್ ಕೂಡ ಜೊತೆಗೂಡುತ್ತದೆ. ಕೊಳವೆಬಾವಿಯ ಮೊದಲ ಕೊಡದ ನೀರಿನಲ್ಲಿ ರಾತ್ರಿಯಿಡೀ ಪೈಪಿನಲ್ಲಿ ನಿಂತ ಕಬ್ಬಿಣ, ಸತು ಇರುತ್ತವೆ. ಹಳ್ಳಿಯ ಹೆಂಗಸರು ಆ ಕೆಂಪು ನೀರನ್ನು ಚೆಲ್ಲಿಯೇ ಕೊಡ ಇಡುತ್ತಾರೆ, ಮಾದರಿ ಹಿಡಿಯಲು ಬಂದವರು ಚೆಲ್ಲದೆ ಬಾಟಲಿ ತುಂಬಿಕೊಂಡು ಹೋದರೆ ಅಳೆದದ್ದು ಪೈಪನ್ನು. ಮೇಲಿನಿಂದ ಬೀಳುವ ಲೋಹವೂ ಇದೆ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಸಸ್ಯರೋಗ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣವನ್ನು ಮಲೆನಾಡಿನಲ್ಲಿ ಬಳಕೆಗೆ ತಂದರು, ಕಾಫಿ ತೋಟಕ್ಕೂ ಅದೇ ದ್ರಾವಣ ಹರಡಿತು. ಹಾಸನದ ಆಲೂಗಡ್ಡೆಗೆ ಅಂಗಮಾರಿ ಬಂದಾಗ ಹೊಡೆಯುವ ಮ್ಯಾಂಕೊಜೆಬ್‌ನಲ್ಲಿ ಮ್ಯಾಂಗನೀಸ್, ಸತು ಸೇರಿಯೇ ಇವೆ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಹರಾಜಾಗುವ ತಂಬಾಕು ಮಣ್ಣಿನ ಕ್ಯಾಡ್ಮಿಯಂ ಅನ್ನು ಎಲೆಗೆ ಎಳೆದುಕೊಳ್ಳುವುದರಲ್ಲಿ ಬೇರೆ ಬೆಳೆಗಳಿಗಿಂತ ಮುಂದು. ಆ ಕ್ಯಾಡ್ಮಿಯಂನ ಒಂದು ಮೂಲ ರಂಜಕ ಗೊಬ್ಬರ. ಹೀಗೆ ನಾಲ್ಕು ತಾಲ್ಲೂಕಿನಲ್ಲಿ ಲೋಹ ನಾಲ್ಕು ಬಾಗಿಲಿನಿಂದ ಬರುತ್ತಿರುವಾಗ ಕೊನೆಯ ಬೀಕರಿನ ಅಂಕಿ ಯಾವ ಬಾಗಿಲಿನ ಹೆಸರನ್ನೂ ಹೇಳುವುದಿಲ್ಲ.

ಕಲಾಯಿಯ ಕಸುಬು ಮುಗಿದದ್ದು ಸ್ಟೀಲು ಬಂದ ಮೇಲೆ. ಸ್ಟೇನ್‌ಲೆಸ್ ಸ್ಟೀಲನ್ನು ಸ್ಟೇನ್‌ಲೆಸ್ ಮಾಡುವುದು ಕ್ರೋಮಿಯಂ, ಜಗತ್ತಿನ ಕ್ರೋಮೈಟಿನ ಬಹುಪಾಲು ಹೋಗುವುದೂ ಅಲ್ಲಿಗೇ. ಬೆಳಗೊಳದ ಹಿತ್ತಾಳೆಯನ್ನು ಅಟ್ಟಕ್ಕೆ ಏರಿಸಿದ್ದು ಬೈರಾಪುರದ ಕುಲದ ಲೋಹವೆಂದು ಬೇಕಾದರೆ ಹೇಳಿಕೊಳ್ಳಬಹುದು, ಒಂದೇ ತಾಲ್ಲೂಕಿನ ದಾಯಾದಿ ಜಗಳದಂತೆ. ಒಳ್ಳೆಯ ದರ್ಜೆಯ ಸ್ಟೀಲಿನಲ್ಲಿ ಶೇಕಡಾ 18 ಕ್ರೋಮಿಯಂ, 8 ನಿಕ್ಕಲ್ ಇರುತ್ತವೆ. ಅಂದರೆ ಒಂದು ಕಿಲೋ ಪಾತ್ರೆಯಲ್ಲಿ 180 ಗ್ರಾಂ ಕ್ರೋಮಿಯಂ. ನುಗ್ಗೇಹಳ್ಳಿಯ ಯಾವ ಹೊಲದ ಮಣ್ಣೂ ಇದರ ಹತ್ತಿರ ಸುಳಿಯದು, ಆದರೂ ನಾವು ಮುದ್ದೆಯನ್ನು ಅದರಲ್ಲೇ ನಿಶ್ಚಿಂತೆಯಿಂದ ಮುರಿಯುತ್ತೇವೆ. ಕ್ರೋಮಿಯಂ ಆಕ್ಸೈಡಿನ ಕಣ್ಣಿಗೆ ಕಾಣದ ಪೊರೆ ಲೋಹವನ್ನು ಒಳಗೇ ಹಿಡಿದಿಟ್ಟಿರುತ್ತದೆ, ಕಲಾಯಿ ತನ್ನಷ್ಟಕ್ಕೆ ತಾನೇ ಹಾಕಿಕೊಂಡಂತೆ. ಹೊಸ ಪಾತ್ರೆಯಲ್ಲಿ ಟೊಮೆಟೊ, ಹುಣಿಸೆಯಂಥ ಹುಳಿ ಬಹಳ ಹೊತ್ತು ಕುದಿದರೆ ಒಂದಿಷ್ಟು ನಿಕ್ಕಲ್ ಬಿಡುತ್ತದೆ, ಬಳಸುತ್ತ ಬಳಸುತ್ತ ಅದು ಇಳಿಯುತ್ತದೆ. ಪಾತ್ರೆಗಳನ್ನು ಪರೀಕ್ಷಿಸುವ ಪ್ರಯೋಗಾಲಯ ಇಲ್ಲಿ ಒಟ್ಟನ್ನು ಕೇಳುವುದಿಲ್ಲ. ಪಾತ್ರೆಗೆ ದುರ್ಬಲ ಆಮ್ಲ ತುಂಬಿಟ್ಟು, ಅದಕ್ಕೆ ಎಷ್ಟು ಲೋಹ ಇಳಿಯಿತೆಂದು ಅಳೆಯುತ್ತದೆ. ಪಾತ್ರೆಗೆ ಒಪ್ಪಿದ ಈ ಕ್ರಮವನ್ನು ಹೊಲಕ್ಕೂ ಬಾವಿಗೂ ಒಪ್ಪಿಸಲು ಹೊಸ ವಿಜ್ಞಾನವೇನೂ ಬೇಕಾಗಿಲ್ಲ.

ಆರು ವೇಲೆನ್ಸಿಯ ಕ್ರೋಮಿಯಂ ಅಳೆಯಲು ದೊಡ್ಡ ಯಂತ್ರವೂ ಬೇಡ. ಡೈಫಿನೈಲ್ ಕಾರ್ಬಜೈಡ್ ಎಂಬ ವಸ್ತುವನ್ನು ಆಮ್ಲದ ನೀರಿಗೆ ಬೆರೆಸಿದರೆ ಆ ರೂಪದ ಕ್ರೋಮಿಯಂ ಇದ್ದಲ್ಲಿ ಮಾತ್ರ ಕೆನ್ನೇರಳೆ ಬಣ್ಣ ಏಳುತ್ತದೆ. 1900ರ ಸುಮಾರಿನಿಂದ ಬಳಕೆಯಲ್ಲಿರುವ ಪರೀಕ್ಷೆ ಇದು, ಒಂದು ಸಾಧಾರಣ ಕಾಲೇಜಿನ ಪ್ರಯೋಗಾಲಯಕ್ಕೂ ಎಟಕುವಂಥದ್ದು. ತೊಡಕು ಇರುವುದು ಬಾಟಲಿಯಲ್ಲಿ. ನೀರಿನ ಮಾದರಿ ಹಿಡಿದ ಕೂಡಲೇ ಅದಕ್ಕೆ ನೈಟ್ರಿಕ್ ಆಮ್ಲದ ಕೆಲವು ಹನಿ ಹಾಕುವುದು ರೂಢಿ, ಲೋಹ ಬಾಟಲಿಯ ಗೋಡೆಗೆ ಅಂಟದೆ ಒಟ್ಟು ಲೆಕ್ಕ ಕೆಡದಿರಲೆಂದು. ಆ ಹನಿಯೇ ಆರು ವೇಲೆನ್ಸಿಯದನ್ನು ದಾರಿಯಲ್ಲಿ ಮೂರಕ್ಕೆ ಇಳಿಸಿಬಿಡಬಲ್ಲದು. ಹಾಗೆ ಹಿಡಿದ ಬಾಟಲಿ ಪ್ರಯೋಗಾಲಯ ಮುಟ್ಟುವ ಹೊತ್ತಿಗೆ ಒಟ್ಟು ಕ್ರೋಮಿಯಂ ಸರಿಯಾಗಿಯೇ ಇರುತ್ತದೆ, ಕೇಳಬೇಕಾಗಿದ್ದ ರೂಪ ಕಾಣೆಯಾಗಿರುತ್ತದೆ. ಅದಕ್ಕೆ ಬೇರೆಯೇ ಬಾಟಲಿ ಬೇಕು, ಆಮ್ಲವಿಲ್ಲದ್ದು, ತಣ್ಣಗಿಟ್ಟದ್ದು, 24 ಗಂಟೆಯೊಳಗೆ ಪರೀಕ್ಷೆಗೆ ಬರುವಂಥದ್ದು. ನುಗ್ಗೇಹಳ್ಳಿಯಿಂದ ಹಾಸನಕ್ಕೆ ಬಸ್ಸಿನಲ್ಲಿ ಅರ್ಧ ದಿನವೂ ಬೇಕಾಗುವುದಿಲ್ಲ.